ಕಡಲ ಹುಳುಗಳ ಸಾವಿರ ಸಂಸಾರ

ಶಾಂತ ಸಾಗರದ ಸಮೋವಾ ದ್ವೀಪಗಳಲ್ಲಿ ಅಕ್ಟೋಬರ್ ಇಲ್ಲವೇ ನವೆಂಬರ್ ತಿಂಗಳ ಒಂದು ರಾತ್ರಿ ಊರಿಗೆ ಊರೇ ಬೆಳಗಿನ ಜಾವಕ್ಕೂ ಮುಂಚೆ ಎದ್ದು ಕಡಲಿಗಿಳಿಯುತ್ತದೆ. ಆ ದಿನವನ್ನು ಗೊತ್ತುಮಾಡುವವನು ಚಂದ್ರ. ನಮ್ಮ ಪಂಚಾಂಗದ ಲೆಕ್ಕದಲ್ಲಿ ಹೇಳುವುದಾದರೆ ಬಹುಳ ಅಷ್ಟಮಿಯ ಆಸುಪಾಸು. ಜನರ ಕೈಯಲ್ಲಿ ದೀಪ, ಸಣ್ಣ ಕಣ್ಣಿನ ಬಲೆ, ಬಕೆಟ್ಟು. ದಡದ ನೀರಿನಲ್ಲಿ ಕಾದು ನಿಂತವರ ಸುತ್ತ ಸ್ವಲ್ಪ ಹೊತ್ತಿನಲ್ಲೇ ನೀಲಿ-ಹಸಿರು ಎಳೆಗಳೂ ಕೆಂಪು-ಕಂದು ಎಳೆಗಳೂ ಲಕ್ಷಗಟ್ಟಲೆ ಹೊರಳಾಡತೊಡಗುತ್ತವೆ. ಅದೇ ಪಲೋಲೋ. ಸೂರ್ಯ ಮೇಲೇರುವಷ್ಟರಲ್ಲಿ ಸುಗ್ಗಿ ಮುಗಿದಿರುತ್ತದೆ. ಅಲ್ಲೇ ನಿಂತು ಹಸಿಯಾಗಿ ತಿನ್ನುವವರುಂಟು. ಮನೆಗೊಯ್ದು ಬೆಣ್ಣೆ, ಈರುಳ್ಳಿ, ಮೊಟ್ಟೆಯ ಜೊತೆ ಹುರಿದು ತಿನ್ನುವವರೂ ಉಂಟು.

ಬಲೆಗೆ ಬೀಳುವುದು ಇಡೀ ಹುಳುವಲ್ಲ, ಅದರ ಹಿಂಭಾಗ ಮಾತ್ರ. ಪಲೋಲಾ ವಿರಿಡಿಸ್ ಎಂಬ ಈ ಹುಳು ವರ್ಷವಿಡೀ ಹವಳದ ಬಂಡೆಯ ಬಿರುಕುಗಳಲ್ಲಿ ಅಡಗಿರುತ್ತದೆ. ಕಾಲ ಹತ್ತಿರವಾದಂತೆ ಮೈಯ ಹಿಂದಿನ ಭಾಗ ಬೇರೆಯದೇ ರೂಪ ತಾಳುತ್ತದೆ. ಹೆಣ್ಣಿನಲ್ಲಿ ಮೊಟ್ಟೆ, ಗಂಡಿನಲ್ಲಿ ವೀರ್ಯ ತುಂಬಿಕೊಳ್ಳುತ್ತದೆ. ಬೆಳಕನ್ನು ಗುರುತಿಸುವ ಕಣ್ಚುಕ್ಕೆಗಳು ಮೂಡುತ್ತವೆ. ಗೊತ್ತಾದ ರಾತ್ರಿ ಆ ಭಾಗ ಕಳಚಿಕೊಂಡು, ತಲೆಯೇ ಇಲ್ಲದೆ ಮೇಲಕ್ಕೆ ಈಜಿ ಬಂದು, ಒಡೆದು, ಒಳಗಿದ್ದುದನ್ನೆಲ್ಲ ನೀರಿಗೆ ಚೆಲ್ಲುತ್ತದೆ. ತಲೆಯಿರುವ ಮುಂಭಾಗ ಬಂಡೆಯ ಸಂದಿಯಲ್ಲೇ ಉಳಿದು ಹೊಸ ಹಿಂಭಾಗ ಬೆಳೆಸಿಕೊಳ್ಳುತ್ತದೆ. ಎಲ್ಲವೂ ಒಂದೇ ರಾತ್ರಿ ಹೊರಬರುವುದರಲ್ಲಿ ಲಾಭವಿದೆ: ಮೀನು, ಹಕ್ಕಿ, ಮನುಷ್ಯರು ಎಷ್ಟು ಬಾಚಿಕೊಂಡರೂ ಮೊಟ್ಟೆಗೆ ವೀರ್ಯ ಸೇರುವುದು ತಪ್ಪುವುದಿಲ್ಲ.

ಅಷ್ಟಮಿ ಬಂತೆಂದು ಕತ್ತಲಲ್ಲಿರುವ ಹುಳುವಿಗೆ ತಿಳಿಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಲು ವಿಜ್ಞಾನಿಗಳು ಸಮೋವಾಕ್ಕೆ ಹೋಗಬೇಕಾಗಲಿಲ್ಲ. ಯುರೋಪಿನ ಕರಾವಳಿಯ ಪ್ಲಾಟಿನೆರೈಸ್ ಡುಮೆರಿಲಿ ಎಂಬ ಹುಳುವೂ ಚಂದ್ರನನ್ನೇ ನಂಬಿ ಮರಿ ಮಾಡುತ್ತದೆ, ಪ್ರಯೋಗಾಲಯದ ಡಬ್ಬಿಯಲ್ಲೂ ಸುಖವಾಗಿ ಬದುಕುತ್ತದೆ. ಜರ್ಮನಿಯ ಕಾರ್ಲ್ ಹೌಯೆನ್‌ಷಿಲ್ಡ್ ಎಂಬ ಪ್ರಾಣಿವಿಜ್ಞಾನಿ ಕಳೆದ ಶತಮಾನದ ಮಧ್ಯದಲ್ಲೇ ಒಂದು ಸಂಗತಿ ತೋರಿಸಿದ್ದ. ತಿಂಗಳಿಗೆ ಕೆಲವು ರಾತ್ರಿ ಮಂದ ದೀಪ ಹಚ್ಚಿಟ್ಟರೆ ಸಾಕು, ಹುಳುಗಳು ಅದನ್ನೇ ಬೆಳದಿಂಗಳೆಂದು ನಂಬಿ ದಿನ ಎಣಿಸುತ್ತವೆ. 2022ರಲ್ಲಿ ವಿಯೆನ್ನಾ ಮತ್ತು ಮೈನ್ಸ್ ನಗರಗಳ ಸಂಶೋಧಕರು ಈ ಎಣಿಕೆಯ ಹಿಂದಿರುವ ಪ್ರೋಟೀನೊಂದನ್ನು ವಿವರಿಸಿದರು. ಬಿಸಿಲು ಬಿದ್ದಾಗ ಅದು ಒಂದು ಸ್ಥಿತಿಯಲ್ಲಿರುತ್ತದೆ, ಬೆಳದಿಂಗಳಿನಷ್ಟು ಮಂದ ಬೆಳಕು ಬಿದ್ದಾಗ ಇನ್ನೊಂದು ಸ್ಥಿತಿಗೆ ತಿರುಗುತ್ತದೆ. ಹಗಲೆಷ್ಟು, ಚಂದ್ರನೆಷ್ಟು ಎಂಬ ವ್ಯತ್ಯಾಸವನ್ನು ಈ ಹುಳು ಅಣುವಿನ ಮಟ್ಟದಲ್ಲೇ ಬಗೆಹರಿಸಿಕೊಳ್ಳುತ್ತದೆ. ಆದರೆ ಪಲೋಲೋಗೆ ಇರುವ ಮರುಹುಟ್ಟಿನ ಭಾಗ್ಯ ಇದಕ್ಕಿಲ್ಲ. ಮದುವೆಯ ಕಾಲಕ್ಕೆ ಅದರ ಕಣ್ಣು ಹಿಗ್ಗುತ್ತದೆ, ಜೀರ್ಣಾಂಗ ಕರಗುತ್ತದೆ. ಈಜಾಡಿ ಮೊಟ್ಟೆ-ವೀರ್ಯ ಬಿಟ್ಟ ಮೇಲೆ ಅದು ಸಾಯುತ್ತದೆ.

ಬರ್ಮುಡಾದಲ್ಲಿ ಇದೇ ಸಂಭ್ರಮಕ್ಕೆ ದೀಪಾಲಂಕಾರವೂ ಸೇರುತ್ತದೆ. ಅಲ್ಲಿನ ಒಡೊಂಟೊಸಿಲ್ಲಿಸ್ ಎನೋಪ್ಲಾ ಎಂಬ ಪುಟ್ಟ ಹುಳುವಿನ ಹೆಣ್ಣು, ಬೇಸಿಗೆಯ ಹುಣ್ಣಿಮೆ ಕಳೆದ ಎರಡು-ಮೂರು ದಿನಕ್ಕೆ, ಸೂರ್ಯ ಮುಳುಗಿದ ತಾಸಿನೊಳಗೆ ನೀರಿನ ಮೇಲ್ಮೈಗೆ ಬಂದು ಹಸಿರು ಬೆಳಕು ಸೂಸುತ್ತ ವೃತ್ತಾಕಾರವಾಗಿ ಈಜುತ್ತದೆ. ಕೆಳಗಿನಿಂದ ಗಂಡುಗಳು ಮಿಂಚುತ್ತ ಆ ಬೆಳಕಿನತ್ತ ನುಗ್ಗುತ್ತವೆ. 1492ರ ಅಕ್ಟೋಬರ್ 11ರ ರಾತ್ರಿ, ನೆಲ ಕಾಣುವ ಮುನ್ನ, ಕೊಲಂಬಸ್ ಹಡಗಿನಿಂದ ಕಂಡ ಮಿಣುಕು ಬೆಳಕು ಇಂಥ ಹುಳುಗಳದ್ದೇ ಇರಬಹುದೆಂಬ ವಾದ 1935ರಲ್ಲಿ ಹುಟ್ಟಿ ಇವತ್ತಿಗೂ ಚರ್ಚೆಯಲ್ಲಿದೆ.

ಉದ್ದ ಮೈ, ಎಲುಬಿಲ್ಲ, ಕೈಕಾಲಿಲ್ಲ: ಹುಳುವಿನ ಆಕಾರವೆಂದರೆ ಇಷ್ಟೆ. ಈ ಆಕಾರ ಕಡಲಿನಲ್ಲಿ ಒಂದೇ ಮನೆತನದ ಸ್ವತ್ತಲ್ಲ. ಒಂದಕ್ಕೊಂದು ತೀರ ದೂರದ ನಂಟಷ್ಟೇ ಇರುವ ಹತ್ತಾರು ವಂಶಗಳು ಅದನ್ನು ಧರಿಸಿವೆ. ಚಪ್ಪಟೆ ಹುಳು, ದುಂಡು ಹುಳು, ರಿಬ್ಬನ್ ಹುಳು, ನೀರಿನಲ್ಲಿ ತೇಲುತ್ತ ಬೇಟೆಯಾಡುವ ಬಾಣದ ಹುಳು, ಮರಳಿನಲ್ಲಿ ಹೂತು ಬದುಕುವ ಪ್ರಿಯಾಪುಲಿಡ್, ಹೀಗೆ ಪಟ್ಟಿ ಬೆಳೆಯುತ್ತದೆ. ಇವುಗಳಲ್ಲಿ ಕಡಲಿನ ದೊಡ್ಡ ಸಂಸಾರವೆಂದರೆ ಪಾಲಿಕೀಟ್ ಹುಳುಗಳದ್ದು. ನಮ್ಮ ಗದ್ದೆಯ ಎರೆಹುಳು ಮತ್ತು ಜಿಗಣೆ ಸೇರಿದ ವಲಯವಂತಗಳ ವಂಶವೇ ಇವುಗಳದ್ದೂ. ಮೈಯೆಲ್ಲ ಖಂಡಖಂಡ, ಹೆಚ್ಚಿನವುಗಳಲ್ಲಿ ಪ್ರತಿ ಖಂಡದ ಎರಡೂ ಬದಿಗೆ ಗಿಡ್ಡ ಹುಟ್ಟಿನಾಕಾರದ ಅಂಗ, ಅದರ ತುದಿಯಲ್ಲಿ ಕೈಟಿನ್ನಿನ ಬಿರುಗೂದಲು. ಆ ಬಿರುಗೂದಲೇ ಈಜಲು, ತೆವಳಲು, ಬಿಲದ ಗೋಡೆ ಹಿಡಿದು ನಿಲ್ಲಲು ಆಧಾರ. ಹೆಸರು ಪಡೆದ ಪಾಲಿಕೀಟ್ ಪ್ರಭೇದಗಳೇ 10 ಸಾವಿರ ದಾಟುತ್ತವೆ.

ಮನೆತನದ ಲೆಕ್ಕ ಆಗಾಗ ತಿದ್ದುಪಡಿಯಾಗುತ್ತಲೇ ಇದೆ. ಚಮಚದಾಕಾರದ ಸೊಂಡಿಲಿನ ಎಕಿಯುರನ್, ಕಡಲೆಕಾಯಿಯ ರೂಪದ ಸಿಪಂಕ್ಯುಲನ್ ಹುಳುಗಳ ಮೈಯಲ್ಲಿ ಖಂಡಗಳೇ ಇಲ್ಲ. ಆದ್ದರಿಂದ ಪಠ್ಯಪುಸ್ತಕಗಳು ದಶಕಗಳ ಕಾಲ ಅವಕ್ಕೆ ಪ್ರತ್ಯೇಕ ವಂಶದ ಗೌರವ ಕೊಟ್ಟಿದ್ದವು. 1990ರ ದಶಕದಿಂದೀಚೆಗೆ ಡಿಎನ್‌ಎ ಸಾಕ್ಷ್ಯ ಬಂದ ಮೇಲೆ ಎರಡೂ ವಲಯವಂತಗಳ ಒಳಗೇ ಸೇರಿದವು. ಪೂರ್ವಜರಲ್ಲಿದ್ದ ಖಂಡಗಳನ್ನು ಅವು ಬಿಟ್ಟುಕೊಟ್ಟಿವೆ, ಅಷ್ಟೆ.

ಇನ್ನು ಏಕಾರ್ನ್ ಹುಳುವಿನ ನಂಟಸ್ತಿಕೆ ಮನುಷ್ಯರ ಕಡೆಗೇ ತಿರುಗುತ್ತದೆ. ಮನ್ನಾರ್ ಕೊಲ್ಲಿಯ ಕ್ರುಸಡಾಯಿ ದ್ವೀಪದ ಮರಳಿನಲ್ಲಿ ಸಿಗುವ ಟೈಕೋಡೆರಾ ಫ್ಲಾವಾ ಈ ಗುಂಪಿನದು. ನೋಡಲು ಮೆದುವಾದ, ಮುಟ್ಟಿದರೆ ತುಂಡಾಗುವ ಜೀವಿ. ಆದರೆ ಅದರ ಗಂಟಲ ಬದಿಯಲ್ಲಿ ಸಾಲಾಗಿ ಕಿವಿರು ಸೀಳುಗಳಿವೆ. ರಷ್ಯಾದ ಅಲೆಕ್ಸಾಂಡರ್ ಕೊವಲೆವ್‌ಸ್ಕಿ 1866ರಲ್ಲೇ ಇವನ್ನು ಗುರುತಿಸಿದ. ಮುಂದೆ ತಳಿವಿಜ್ಞಾನಕ್ಕೆ ಜೆನೆಟಿಕ್ಸ್ ಎಂದು ಹೆಸರಿಟ್ಟ ವಿಲಿಯಂ ಬೇಟ್ಸನ್, 1880ರ ದಶಕದಲ್ಲಿ ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ ಕುಳಿತು ಇವುಗಳ ಭ್ರೂಣ ಬೆಳೆಯುವ ಬಗೆಯನ್ನು ಅಧ್ಯಯನ ಮಾಡಿದ. ಮೀನು, ಕಪ್ಪೆ, ಮನುಷ್ಯರ ಭ್ರೂಣಗಳ ಗಂಟಲ ಭಾಗದ ರಚನೆಗೂ ಈ ಸೀಳುಗಳಿಗೂ ಮೂಲ ಒಂದೇ ಎಂಬುದನ್ನು ಇಂದಿನ ಜೀನ್ ಅಧ್ಯಯನಗಳೂ ಹೇಳುತ್ತವೆ. ಎರೆಹುಳುವಿಗಿಂತ ಏಕಾರ್ನ್ ಹುಳು ನಮಗೆ ಹತ್ತಿರದ ದಾಯಾದಿ.

ಗಾತ್ರದ ವಿಷಯದಲ್ಲಿ ಹುಳುಗಳ ಖ್ಯಾತಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಕರಾವಳಿಯಿಂದ ಬಂದದ್ದು. 1864ರಲ್ಲಿ ಬಿರುಗಾಳಿಯೊಂದರ ನಂತರ ಅಲ್ಲಿ ದಡಕ್ಕೆ ಬಿದ್ದ ಲಿನಿಯಸ್ ಲಾಂಗಿಸ್ಸಿಮಸ್ ಎಂಬ ರಿಬ್ಬನ್ ಹುಳುವಿನ ಉದ್ದ 55 ಮೀಟರ್ ಎಂದು ದಾಖಲೆಗಳು ಹೇಳುತ್ತವೆ. ನೀಲಿ ತಿಮಿಂಗಿಲ ಬೆಳೆಯುವುದು 30 ಮೀಟರಿನ ಆಸುಪಾಸಿಗೆ. ಆದರೆ ಅದನ್ನು ವರ್ಣಿಸಿದ ವಿಲಿಯಂ ಮೆಕಿಂಟಾಷ್ ಬರೆದದ್ದನ್ನು ಗಮನಿಸಿದರೆ ಲೆಕ್ಕ ಬೇರೆ. ಎಂಟು ಅಂಗುಲ ಅಗಲದ ಗಾಜಿನ ಜಾಡಿಯಲ್ಲಿ ಸುತ್ತಿಕೊಂಡಿದ್ದ ಅದನ್ನು ಬಿಡಿಸುತ್ತ ಹೋದಾಗ 30 ಗಜ, ಅಂದರೆ ಸುಮಾರು 27 ಮೀಟರ್ ಅಳತೆಗೆ ಸಿಕ್ಕಿತು. ಆಗ ಅರ್ಧವೂ ಬಿಚ್ಚಿಕೊಂಡಿರಲಿಲ್ಲ. 55 ಎಂಬುದು ಹಾಗೆ ಕಟ್ಟಿದ ಅಂದಾಜು. ಎಳೆದರೆ ಹಿಗ್ಗುವ ಮೈ ಬೇರೆ. ಸಾಮಾನ್ಯವಾಗಿ ಸಿಗುವವು 5ರಿಂದ 15 ಮೀಟರ್ ಉದ್ದದವು. ಅಗಲ ಮಾತ್ರ ಸೆಂಟಿಮೀಟರ್ ದಾಟದು. ಈ ಹುಳುವಿನ ಲೋಳೆಯಲ್ಲಿರುವ ವಿಷವನ್ನು ಸ್ವೀಡನ್ನಿನ ಉಪ್ಸಲಾದ ವಿಜ್ಞಾನಿಗಳು 2018ರಲ್ಲಿ ಬೇರ್ಪಡಿಸಿದರು. ಏಡಿ ಮತ್ತು ಜಿರಳೆಗಳನ್ನು ಅದು ಅತಿ ಸಣ್ಣ ಪ್ರಮಾಣದಲ್ಲೇ ಕೊಲ್ಲುತ್ತದೆ. ಸಸ್ತನಿಗಳ ನರಗಳ ಮೇಲೆ ಅದರ ಪ್ರಭಾವ ತುಂಬ ಕಡಿಮೆ. ಕೀಟನಾಶಕ ಹುಡುಕುವವರ ಕಣ್ಣು ಈಗ ಅದರ ಮೇಲಿದೆ.

ಉಣ್ಣುವ ಬಗೆಗೆ ಬಂದರೆ ಹುಳುಗಳು ಜೀವಶಾಸ್ತ್ರದ ಪಾಠವನ್ನೇ ತಿದ್ದಿಸಿವೆ. 1977ರ ಫೆಬ್ರವರಿಯಲ್ಲಿ ಗಲಪಾಗಸ್ ದ್ವೀಪಗಳ ಬಳಿ ಆಲ್ವಿನ್ ಎಂಬ ಮುಳುಗುನೌಕೆ ಸುಮಾರು 2,500 ಮೀಟರ್ ಆಳಕ್ಕಿಳಿಯಿತು. ಹೋದವರು ಭೂವಿಜ್ಞಾನಿಗಳು, ತಳದ ಬಿರುಕುಗಳಿಂದ ಬಿಸಿನೀರು ಚಿಮ್ಮುತ್ತದೆಯೇ ಎಂದು ನೋಡುವುದಷ್ಟೇ ಅವರ ಉದ್ದೇಶ. ತಂಡದಲ್ಲಿ ಒಬ್ಬ ಜೀವವಿಜ್ಞಾನಿಯೂ ಇರಲಿಲ್ಲ. ಬಿಸಿನೀರಿನ ಬುಗ್ಗೆ ಕಂಡಿತು. ಅದರ ಸುತ್ತ ಬಿಳಿಯ ಕೊಳವೆಗಳೊಳಗಿಂದ ಕಡುಗೆಂಪು ಗರಿ ಹೊರಚಾಚಿದ ಹುಳುಗಳ ತೋಪೂ ಕಂಡಿತು. ಆಳೆತ್ತರ ಮೀರಬಲ್ಲ ಈ ರಿಫ್ಟಿಯಾ ಹುಳುವಿಗೆ ಬಾಯಿಲ್ಲ, ಕರುಳಿಲ್ಲ, ಗುದದ್ವಾರವಿಲ್ಲ.

ಹಾಗಾದರೆ ಬದುಕುವುದು ಹೇಗೆ? 1981ರಲ್ಲಿ ಉತ್ತರ ಕೊಟ್ಟವರು ಆಗಿನ್ನೂ ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿನಿಯಾಗಿದ್ದ ಕೊಲೀನ್ ಕ್ಯಾವನಾ. ಹುಳುವಿನ ಮೈಯೊಳಗೆ ಗಂಧಕದ ಹರಳುಗಳು ಸಿಕ್ಕಿವೆ ಎಂದು ಉಪನ್ಯಾಸವೊಂದರಲ್ಲಿ ಕೇಳಿದ ಕೂಡಲೇ, ಒಳಗೆ ಬ್ಯಾಕ್ಟೀರಿಯಾಗಳಿರಬೇಕು ಎಂದು ಆಕೆ ಊಹಿಸಿದರು. ಊಹೆ ನಿಜವಾಯಿತು. ಹುಳುವಿನ ಮೈತುಂಬ ಹರಡಿದ ಒಂದು ಅಂಗಾಂಶದಲ್ಲಿ ಶತಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ವಾಸವಾಗಿವೆ. ಬುಗ್ಗೆಯ ನೀರಿನಲ್ಲಿರುವ ಹೈಡ್ರೋಜನ್ ಸಲ್ಫೈಡನ್ನು ಆಮ್ಲಜನಕದೊಂದಿಗೆ ಬೆರೆಸಿ ಶಕ್ತಿ ಪಡೆದು ಅವು ಸಕ್ಕರೆ ತಯಾರಿಸುತ್ತವೆ. ಹುಳು ಅದರಲ್ಲಿ ಪಾಲು ಪಡೆಯುತ್ತದೆ. ಸಲ್ಫೈಡ್ ನಮ್ಮಂಥ ಜೀವಿಗಳಿಗೆ ಮಾರಕ ವಿಷ. ರಿಫ್ಟಿಯಾದ ಹಿಮೋಗ್ಲೋಬಿನ್ ಮಾತ್ರ ಆಮ್ಲಜನಕಕ್ಕೆ ಒಂದು ಜಾಗ, ಸಲ್ಫೈಡಿಗೆ ಇನ್ನೊಂದು ಜಾಗ ಕೊಟ್ಟು ಎರಡನ್ನೂ ಒಟ್ಟಿಗೆ ಸಾಗಿಸುತ್ತದೆ. ಗರಿಯ ಕೆಂಪಿಗೆ ಆ ರಕ್ತವೇ ಕಾರಣ. ತಾಯಿಯಿಂದ ಮರಿಗೆ ಈ ಬ್ಯಾಕ್ಟೀರಿಯಾಗಳು ಬರುವುದಿಲ್ಲ. ಪ್ರತಿ ಮರಿಯೂ ತನ್ನ ಪಾಲಿನವನ್ನು ಕಡಲಿನಿಂದಲೇ, ಚರ್ಮದ ಮೂಲಕ ಒಳಗೆ ಬಿಟ್ಟುಕೊಳ್ಳುತ್ತದೆ.

ಬುಗ್ಗೆ ಯಾವಾಗ ಬತ್ತೀತೋ ಗೊತ್ತಿಲ್ಲದ ಜಾಗದಲ್ಲಿ ರಿಫ್ಟಿಯಾಕ್ಕೆ ಅವಸರ. ಅದರ ಕೊಳವೆ ವರ್ಷಕ್ಕೆ 85 ಸೆಂಟಿಮೀಟರಿಗಿಂತ ಹೆಚ್ಚು ಬೆಳೆದದ್ದು ದಾಖಲಾಗಿದೆ. ಮೆಕ್ಸಿಕೋ ಕೊಲ್ಲಿಯ ತಣ್ಣನೆಯ ತಳದಲ್ಲಿ, ತೈಲ ಮತ್ತು ಮೀಥೇನ್ ನಿಧಾನವಾಗಿ ಒಸರುವಲ್ಲಿ ಬದುಕುವ ಅದರ ನೆಂಟ ಎಸ್ಕಾರ್ಪಿಯಾ ಲ್ಯಾಮಿನೇಟಾಕ್ಕೆ ಅಂಥ ಧಾವಂತವಿಲ್ಲ. 2017ರ ಅಧ್ಯಯನವೊಂದು ಅದರ ಆಯಸ್ಸು 300 ವರ್ಷ ದಾಟಬಹುದೆಂದು ಅಂದಾಜಿಸಿತು. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ್ ಆಳುತ್ತಿದ್ದ ಕಾಲದಲ್ಲಿ ಹುಟ್ಟಿದ ಹುಳುವೊಂದು ಇವತ್ತಿಗೂ ಅಲ್ಲಿ ಉಸಿರಾಡುತ್ತಿದ್ದರೆ ಆಶ್ಚರ್ಯವಿಲ್ಲ.

ಇದೇ ಕುಟುಂಬದ ಇನ್ನೊಂದು ಕವಲು ಸತ್ತ ತಿಮಿಂಗಿಲವನ್ನು ನೆಚ್ಚಿಕೊಂಡಿದೆ. 2002ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಕಣಿವೆಯಲ್ಲಿ, 2,891 ಮೀಟರ್ ಆಳದಲ್ಲಿ ಬಿದ್ದಿದ್ದ ತಿಮಿಂಗಿಲದ ಅಸ್ಥಿಪಂಜರದ ಮೇಲೆ ಕೆಂಪು ಗರಿಗಳು ಓಲಾಡುತ್ತಿದ್ದುದನ್ನು ದೂರನಿಯಂತ್ರಿತ ನೌಕೆಯ ಕ್ಯಾಮೆರಾ ತೋರಿಸಿತು. 2004ರಲ್ಲಿ ಅದಕ್ಕೆ ಒಸೆಡಾಕ್ಸ್ ಎಂದು ಹೆಸರಾಯಿತು. ಇದಕ್ಕೂ ಬಾಯಿ-ಕರುಳಿಲ್ಲ. ಕೆಳಗಿನಿಂದ ಹಸಿರು ಬೇರುಗಳು ಎಲುಬಿನೊಳಕ್ಕೆ ಇಳಿಯುತ್ತವೆ. ಆಮ್ಲ ಸುರಿಸಿ ಎಲುಬನ್ನು ಕರಗಿಸುತ್ತವೆ. ಒಳಗಿನ ಕೊಲಾಜೆನ್ ಮತ್ತು ಕೊಬ್ಬನ್ನು ಹೀರಿ ಬಳಸಿಕೊಳ್ಳುವಲ್ಲಿ ಬೇರಿನ ಬ್ಯಾಕ್ಟೀರಿಯಾಗಳ ನೆರವಿದೆ. ಮೊದಲು ಸಿಕ್ಕವೆಲ್ಲ ಹೆಣ್ಣೇ. ಗಂಡೆಲ್ಲಿ ಎಂದು ಹುಡುಕಿದಾಗ ಹೆಣ್ಣಿನ ಕೊಳವೆಯೊಳಗೇ, ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಹತ್ತಾರು ಗಂಡುಗಳು ಸಿಕ್ಕವು. ಅವು ಮರಿಯ ರೂಪದಲ್ಲೇ ಉಳಿದು, ಹುಟ್ಟುವಾಗ ಬಂದ ಭಂಡಾರದ ಬಲದಲ್ಲೇ ವೀರ್ಯ ತಯಾರಿಸುತ್ತವೆ. ತಿಮಿಂಗಿಲಗಳು ವಿಕಾಸಗೊಳ್ಳುವುದಕ್ಕೂ ಬಹಳ ಮುಂಚಿನ, ಸುಮಾರು 10 ಕೋಟಿ ವರ್ಷ ಹಳೆಯ ಪ್ಲೀಸಿಯೋಸಾರ್ ಎಲುಬಿನಲ್ಲಿ ಇದರ ಬೇರು ಕೊರೆದ ಗುರುತುಗಳು ಸಿಕ್ಕಿವೆ.

ಗಂಡು-ಹೆಣ್ಣಿನ ಲೆಕ್ಕದಲ್ಲಿ ಮೆಡಿಟರೇನಿಯನ್ ಸಮುದ್ರದ ಬೊನೆಲಿಯಾ ವಿರಿಡಿಸ್ ಇನ್ನೂ ಒಂದು ಹೆಜ್ಜೆ ಮುಂದೆ. ಇಲ್ಲಿ ಮರಿಯ ಲಿಂಗವನ್ನು ನಿರ್ಧರಿಸುವುದು ಬಹುಪಾಲು ಅದು ಬಂದು ಇಳಿಯುವ ಜಾಗ. ಬರಿಯ ನೆಲದ ಮೇಲೆ ಇಳಿದದ್ದು ಸಾಮಾನ್ಯವಾಗಿ ಹೆಣ್ಣಾಗಿ ಬೆಳೆಯುತ್ತದೆ; ಮೈ ಸುಮಾರು ಹತ್ತು ಸೆಂಟಿಮೀಟರ್, ಅದರಿಂದ ಹೊರಟ ಸೊಂಡಿಲು ಚಾಚಿದರೆ ಮೀಟರ್. ಅಂಥ ಹೆಣ್ಣಿನ ಸೊಂಡಿಲ ಮೇಲೆ ಇಳಿದದ್ದು ಒಂದರಿಂದ ಮೂರು ಮಿಲಿಮೀಟರಿನ ಗಂಡಾಗಿ ಹೆಣ್ಣಿನ ಮೈಯೊಳಗೆ ಸೇರಿ ಬಾಳು ಸವೆಸುತ್ತದೆ. ಹೆಣ್ಣಿನ ಚರ್ಮದಲ್ಲಿರುವ ರಾಸಾಯನಿಕಗಳೇ ಇದಕ್ಕೆ ಪ್ರೇರಣೆ.

ಆಸ್ಟ್ರೇಲಿಯಾದ ಡಾರ್ವಿನ್ ಬಂದರಿನ ಸ್ಪಂಜುಗಳಲ್ಲಿ ಸಿಕ್ಕ, 2012ರಲ್ಲಿ ಹೆಸರು ಪಡೆದ ರಾಮಿಸಿಲ್ಲಿಸ್ ಮಲ್ಟಿಕೌಡಾಟಾಕ್ಕೆ ತಲೆ ಒಂದೇ, ಬಾಲ ನೂರಾರು. ಸ್ಪಂಜಿನ ಕಾಲುವೆಗಳಲ್ಲಿ ಮೈ ಕವಲೊಡೆಯುತ್ತ ಹೋಗುತ್ತದೆ. ಕರುಳೂ ಪ್ರತಿ ಕವಲಿನಲ್ಲಿ ಕವಲೊಡೆಯುತ್ತದೆ. ಸಂತಾನದ ಹೊತ್ತಿಗೆ ಬಾಲದ ತುದಿಗಳು ಸ್ವಂತ ಕಣ್ಣು ಮೂಡಿಸಿಕೊಂಡು, ಕಳಚಿ ಈಜಿಹೋಗುತ್ತವೆ.

ಈ ವಿಚಿತ್ರಗಳನ್ನು ಬಿಟ್ಟು ದಡಕ್ಕೆ ಬಂದರೂ ಹುಳುಗಳ ಕೈಗುಣ ಕಡಿಮೆಯಿಲ್ಲ. ಯುರೋಪಿನ ಮರಳು ದಂಡೆಗಳಲ್ಲಿ ನೀರು ಇಳಿದಾಗ, ಒರಳಿನಿಂದ ಶಾವಿಗೆ ಒತ್ತಿದಂತೆ ಸುರುಳಿ ಸುತ್ತಿದ ಮರಳಿನ ಗುಪ್ಪೆಗಳು ಕಾಣುತ್ತವೆ. ಅವು ಅರೆನಿಕೋಲಾ ಮರೀನಾ ಎಂಬ ಹುಳು ಮರಳು ನುಂಗಿ, ಅದರಲ್ಲಿದ್ದ ಸಾವಯವ ಅಂಶವನ್ನು ಅರಗಿಸಿಕೊಂಡು ಹೊರಹಾಕಿದ ಉಳಿಕೆ. ಭರತ ಬರುವವರೆಗೆ ಬಿಲದಲ್ಲಿ ಆಮ್ಲಜನಕದ ಬರ. ಅದನ್ನು ದಾಟಲು ಅದರ ರಕ್ತದಲ್ಲಿ ಜೀವಕೋಶದ ಚೀಲವಿಲ್ಲದೆ ನೇರವಾಗಿ ಕರಗಿರುವ ದೈತ್ಯ ಹಿಮೋಗ್ಲೋಬಿನ್ ಇದೆ. ಮನುಷ್ಯನ ಹಿಮೋಗ್ಲೋಬಿನ್ ಅಣು 4 ಆಮ್ಲಜನಕ ಅಣುಗಳನ್ನು ಹೊತ್ತರೆ ಇದು 156 ಹೊರುತ್ತದೆ. ಕೋಶದ ಹೊದಿಕೆ ಇಲ್ಲದ್ದರಿಂದ ರಕ್ತದ ಗುಂಪಿನ ತಕರಾರೂ ಇಲ್ಲ. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಹೆಮರಿನಾ ಕಂಪನಿ ಇದನ್ನು ಶುದ್ಧೀಕರಿಸಿ, ಕಸಿಗಾಗಿ ತೆಗೆದ ಮೂತ್ರಪಿಂಡಗಳನ್ನು ಕೆಡದಂತೆ ಕಾಯುವ ದ್ರಾವಣಕ್ಕೆ ಸೇರಿಸುವ ವಸ್ತುವನ್ನಾಗಿ ಮಾಡಿದೆ. 2022ರಲ್ಲಿ ಅದಕ್ಕೆ ಯುರೋಪಿನ ಅನುಮತಿ ಸಿಕ್ಕಿತು.

ಕ್ಯಾಲಿಫೋರ್ನಿಯಾದ ಅಲೆ ಬಡಿಯುವ ಬಂಡೆಗಳ ಮೇಲೆ ಫ್ರಾಗ್ಮಟೊಪೋಮಾ ಎಂಬ ಹುಳು ಮನೆ ಕಟ್ಟುವುದನ್ನು ನೋಡುವುದಕ್ಕೆ ತಾಳ್ಮೆ ಬೇಕು. ಮೀಸೆಗಳು ಒಂದು ಮರಳಿನ ಕಣವನ್ನು ಹಿಡಿದು ಬಾಯಿಯ ಬಳಿಗೆ ತರುತ್ತವೆ. ಅಲ್ಲಿರುವ ಜೋಡಿ ಅಂಗ ಅದನ್ನು ತಿರುವಿ ಗಾತ್ರ, ಆಕಾರ ಪರೀಕ್ಷಿಸುತ್ತದೆ. ಒಪ್ಪಿಗೆಯಾದರೆ ಒಂದೆರಡು ಚುಕ್ಕೆ ಅಂಟು ಹಚ್ಚಿ ಕೊಳವೆಯ ಅಂಚಿಗೆ ಒತ್ತಿ ಹಿಡಿಯುತ್ತದೆ. ಅರ್ಧ ನಿಮಿಷದೊಳಗೆ ಅಂಟು ಕಚ್ಚಿಕೊಳ್ಳುತ್ತದೆ; ಕೆಲವು ತಾಸುಗಳಲ್ಲಿ ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಇಷ್ಟೆಲ್ಲ ನೀರಿನೊಳಗೇ. ನಮ್ಮ ಅಂಗಡಿಯ ಅಂಟುಗಳು ಸೋಲುವುದು ಅಲ್ಲೇ. ಧನ ಮತ್ತು ಋಣ ವಿದ್ಯುದಂಶದ ಪ್ರೋಟೀನುಗಳನ್ನು ಹುಳು ಬೇರೆಬೇರೆ ಗ್ರಂಥಿಗಳಲ್ಲಿಟ್ಟು ಕಡೇ ಗಳಿಗೆಯಲ್ಲಿ ಬೆರೆಸುತ್ತದೆ. ಕಡಲ ನೀರಿನ ಕ್ಷಾರೀಯ ಗುಣ ತಗಲಿದೊಡನೆ ಮಿಶ್ರಣ ಹೆಪ್ಪುಗಟ್ಟುತ್ತದೆ. ಯೂಟಾ ವಿಶ್ವವಿದ್ಯಾಲಯದ ರಸೆಲ್ ಸ್ಟೀವರ್ಟ್ ಅವರ ತಂಡ ಇದೇ ಸೂತ್ರ ಹಿಡಿದು, ಪುಡಿಯಾದ ಎಲುಬಿನ ಚೂರುಗಳನ್ನು ಮೈಯೊಳಗಿನ ತೇವದಲ್ಲೇ ಜೋಡಿಸುವ ಅಂಟಿಗಾಗಿ ದುಡಿದಿದೆ. ಇದೇ ಕುಟುಂಬದ ಸಬೆಲೇರಿಯಾ ಹುಳುಗಳು ಫ್ರಾನ್ಸಿನ ಮೊಂ ಸೇಂ ಮಿಶೆಲ್ ಕೊಲ್ಲಿಯಲ್ಲಿ ಕಟ್ಟಿರುವ ಮರಳಿನ ದಿಬ್ಬಗಳು ಯುರೋಪಿನಲ್ಲೇ ದೊಡ್ಡವು.

ಇವೆಲ್ಲ ಹೆಸರು ಮಾಡಿದ ಹುಳುಗಳು. ಹೆಸರಿಲ್ಲದೆ ದುಡಿಯುವವೇ ಹೆಚ್ಚು. ಕಡಲ ತಳದ ಬಹುಭಾಗ ಕೆಸರು, ಮರಳು. ಅದರ ಮೇಲ್ಪದರದ ಕೆಲವೇ ಮಿಲಿಮೀಟರ್ ಕೆಳಗೆ ಆಮ್ಲಜನಕ ಮುಗಿದುಹೋಗುವ ಜಾಗಗಳು ಅನೇಕ. ಅಂಥಲ್ಲಿ ಹುಳುಗಳು ಬಿಲ ತೋಡಿ, ಮೈ ಅಲೆಯಾಡಿಸಿ ನೀರನ್ನು ಒಳಕ್ಕೆ ಹರಿಸುತ್ತವೆ. ಅದರ ಹಿಂದೆಯೇ ಬ್ಯಾಕ್ಟೀರಿಯಾಗಳಿಗೆ ಉಸಿರು ಸಿಗುತ್ತದೆ, ಕೊಳೆತ ವಸ್ತು ಕರಗುತ್ತದೆ, ಸಾರಜನಕ-ರಂಜಕ ಮತ್ತೆ ನೀರಿಗೆ ಸೇರಿ ಸಸ್ಯಪ್ಲವಕಗಳಿಗೆ ಗೊಬ್ಬರವಾಗುತ್ತದೆ.

ಅಮೆರಿಕದ ಫ್ರೆಡ್ ಗ್ರಾಸಲ್ ಮತ್ತು ನ್ಯಾನ್ಸಿ ಮಾಸಿಯೊಲೆಕ್ 1992ರಲ್ಲಿ ಪ್ರಕಟಿಸಿದ ಲೆಕ್ಕವೊಂದಿದೆ. ಅಟ್ಲಾಂಟಿಕ್ ತಳದ 1,500ರಿಂದ 2,500 ಮೀಟರ್ ಆಳದಿಂದ ತಲಾ 30 ಸೆಂಟಿಮೀಟರ್ ಚೌಕದ 233 ಕೆಸರಿನ ಮಾದರಿಗಳನ್ನು ತೆಗೆದು ಜಾಲಿಸಿದಾಗ 798 ಪ್ರಭೇದಗಳು ಸಿಕ್ಕವು. ಅರ್ಧಕ್ಕಿಂತ ಹೆಚ್ಚು ವಿಜ್ಞಾನಕ್ಕೆ ಹೊಸವು. ಅತಿ ಹೆಚ್ಚು ಪ್ರಭೇದಗಳು ಪಾಲಿಕೀಟ್ ಹುಳುಗಳವು. ಒಟ್ಟು ಜಾಗ ಸೇರಿಸಿದರೆ ಒಂದು ದೊಡ್ಡ ಕೋಣೆಯಷ್ಟು ಮಾತ್ರ.

ಇದೇ ಗ್ರಾಸಲ್ 1979ರಲ್ಲಿ ಗಲಪಾಗಸ್ ಬುಗ್ಗೆಗಳಿಗೆ ಹೋದ ಮೊದಲ ಜೀವವಿಜ್ಞಾನಿಗಳ ತಂಡವನ್ನು ಮುನ್ನಡೆಸಿದವರು. ಆದರೆ ಅದಕ್ಕೂ ಮುಂಚೆ, ಪತ್ನಿ ಜುಡಿತ್ ಗ್ರಾಸಲ್ ಜೊತೆ ಅವರು ಮಾಡಿದ ಕೆಲಸ ಕಡಲ ತೀರದಲ್ಲಿ ಬದುಕುವ ಎಲ್ಲರಿಗೂ ಹೆಚ್ಚು ಸಂಬಂಧಿಸಿದ್ದು. 1969ರ ಸೆಪ್ಟೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ವೆಸ್ಟ್ ಫಾಲ್ಮತ್ ಬಳಿ ತೈಲದ ದೋಣಿಯೊಂದು ಬಂಡೆಗೆ ತಾಗಿ ಸುಮಾರು 7 ಲಕ್ಷ ಲೀಟರ್ ಇಂಧನ ತೈಲ ಕಡಲಿಗೆ ಹರಿಯಿತು. ತಳದ ಜೀವಿಗಳು ರಾಶಿರಾಶಿ ಸತ್ತವು. ಖಾಲಿಯಾದ ಕೆಸರಿನಲ್ಲಿ ಮೊದಲು ತುಂಬಿಕೊಂಡದ್ದು ಕ್ಯಾಪಿಟೆಲಾ ಎಂಬ ತೆಳು ಕೆಂಪು ಹುಳು. ಚರಂಡಿ ನೀರು ಸೇರುವಲ್ಲೂ ಅದೇ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಕ್ಯಾಪಿಟೆಲಾ ಹೆಚ್ಚಾದರೆ ಮಾಲಿನ್ಯ ಹೆಚ್ಚಿದೆ ಎಂದು ಜಗತ್ತಿನೆಲ್ಲೆಡೆ ಲೆಕ್ಕ ಹಾಕುತ್ತಿದ್ದರು. 1976ರಲ್ಲಿ ಗ್ರಾಸಲ್ ದಂಪತಿ ಆ ಹುಳುಗಳ ಕಿಣ್ವಗಳನ್ನು ಪರೀಕ್ಷಿಸಿ ತೋರಿಸಿದ್ದು ಬೇರೆಯೇ ಸಂಗತಿ: ಒಂದೇ ಎಂದು ನಂಬಿದ್ದ ಆ ಪ್ರಭೇದ ಕನಿಷ್ಠ ಆರು. ನೋಟಕ್ಕೆ ಭೇದವಿಲ್ಲ, ಮೊಟ್ಟೆಯ ಗಾತ್ರ, ಮರಿ ನೀರಿನಲ್ಲಿ ತೇಲುವ ಅವಧಿ, ಸಂತಾನದ ಕಾಲ ಒಂದೊಂದಕ್ಕೆ ಒಂದೊಂದು ಬಗೆ. ಹುಳುಗಳ ತಲೆ ಎಣಿಸಿ ಕಡಲಿನ ಆರೋಗ್ಯ ಹೇಳುವವರಿಗೆ ಅದು ದೊಡ್ಡ ಎಚ್ಚರಿಕೆಯಾಯಿತು.

ಆ ಎಚ್ಚರಿಕೆ ನಮ್ಮ ಕರಾವಳಿಗೂ ಸಲ್ಲುತ್ತದೆ; ಇಲ್ಲಿನ ಮೀನು, ಸಿಗಡಿಗಳೂ ಈ ಹುಳುಗಳನ್ನು ನೆಚ್ಚಿಕೊಂಡಿವೆ. ಮಂಗಳೂರಿನ ಮೀನು ಮಾರುಕಟ್ಟೆಯಲ್ಲಿ ನಂಗ್ ಎಂದು ಮಾರುವ ನಾಲಿಗೆ ಮೀನಿನ ಮಲಬಾರ್ ಪ್ರಭೇದವನ್ನು 1950ರ ದಶಕದಲ್ಲಿ ಕಲ್ಲಿಕೋಟೆಯಲ್ಲಿ ಜಿ. ಶೇಷಪ್ಪ ಮತ್ತು ಬಿ.ಎಸ್. ಭೀಮಾಚಾರ್ ಅಧ್ಯಯನ ಮಾಡಿದರು. ಅದರ ಹೊಟ್ಟೆಯಲ್ಲಿ ಮುಖ್ಯ ಆಹಾರವಾಗಿ ಸಿಕ್ಕದ್ದು ಪಾಲಿಕೀಟ್ ಹುಳುಗಳು. ಕರಾವಳಿಯ ಊಟದ ತಟ್ಟೆಯ ಇನ್ನೊಂದು ಆಕರ್ಷಣೆಯಾದ ಕಾಣೆ ಮೀನೂ ತಳದ ಹುಳುಗಳನ್ನು ಹೆಕ್ಕಿ ತಿನ್ನುತ್ತದೆ. ಸಿಗಡಿ ಹ್ಯಾಚರಿಗಳು ತಾಯಿ ಸಿಗಡಿ ಚೆನ್ನಾಗಿ ಮೊಟ್ಟೆ ಕಟ್ಟಲೆಂದು ಹುಳುಗಳನ್ನೇ ತಿನ್ನಿಸುತ್ತವೆ. ಅವುಗಳಲ್ಲಿರುವ ವಿಶೇಷ ಕೊಬ್ಬಿನಾಮ್ಲಗಳಿಗೆ ಬದಲಿ ಸಿಗುವುದು ಕಷ್ಟ. ಹಾಗೆಂದು ಕಂಡ ಕೆಸರಿನಿಂದ ಅಗೆದು ತಂದರೆ ಅಪಾಯವೂ ಇದೆ. ಸಿಗಡಿ ಕೃಷಿಯನ್ನು ನೆಲಕಚ್ಚಿಸುವ ಬಿಳಿಚುಕ್ಕೆ ರೋಗದ ವೈರಸ್ಸು ಕೆಸರಿನ ಹುಳುಗಳ ಮೂಲಕ ಸಿಗಡಿಗೆ ದಾಟಬಲ್ಲದು ಎಂದು ಚೆನ್ನೈನ ಕೇಂದ್ರೀಯ ಸಂಸ್ಥೆಯೊಂದರ ವಿಜ್ಞಾನಿಗಳು 2005ರಲ್ಲಿ ತೋರಿಸಿದ್ದಾರೆ.

ಭಾರತದ ಪಾಲಿಕೀಟ್ ಹುಳುಗಳ ಬಗ್ಗೆ ಸಮಗ್ರವೆನ್ನಬಹುದಾದ ಗ್ರಂಥ ಬರೆದವರು ಫ್ರಾನ್ಸಿನ ಪಿಯರ್ ಫೋವೆಲ್. ಅದು ಅಚ್ಚಾದದ್ದು 1953ರಲ್ಲಿ. ಆಮೇಲೆ ಯುರೋಪಿನ ಹುಳುಗಳೆಂದು ಹೆಸರಿಸಿದ ಎಷ್ಟೋ ಪ್ರಭೇದಗಳು ಬೇರೆ ಬೇರೆ ಕಡಲುಗಳಲ್ಲಿ ಬೇರೆ ಬೇರೆಯೇ ಎಂದು ಡಿಎನ್‌ಎ ಹೇಳಿದೆ. ಕ್ಯಾಪಿಟೆಲಾದ ಕತೆ ಒಂಟಿಯಲ್ಲ. ಭಾರತದ ಹಳೆಯ ಪಟ್ಟಿಗಳಲ್ಲಿ ಯುರೋಪಿನ ಹೆಸರು ಹೊತ್ತು ಕುಳಿತಿರುವ ಹುಳುಗಳನ್ನೂ ಒಂದೊಂದಾಗಿ ಎತ್ತಿ ನೋಡಬೇಕಾಗಿದೆ.

ಉತ್ತರ ಕನ್ನಡದ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ತಾಣವಾಯಿತು. ಅಲ್ಲಿನ ಬಳಚು, ಏಡಿ, ಕಾಂಡ್ಲಾ, ಹಕ್ಕಿಗಳ ಬಗ್ಗೆ ಮಾತು ಕೇಳಿಬರುತ್ತದೆ. ಅವೆಲ್ಲ ನಿಂತಿರುವ ಕೆಸರನ್ನು ಉಸಿರಾಡಿಸುವ ಹುಳುಗಳ ಮಾತು ಅಪರೂಪ. ಬಂದರು ಕಟ್ಟುವ, ಹೂಳೆತ್ತುವ, ಕೊಳವೆ ಹಾಕುವ ಯೋಜನೆಗಳ ಪರಿಸರ ವರದಿಗಳಲ್ಲಿ ‘ಪಾಲಿಕೀಟ್‌ಗಳು ಇಷ್ಟು’ ಎಂಬ ಒಂದು ಸಾಲು ಬರೆದು ಮುಗಿಸಿದರೆ ಅದರಿಂದ ಏನೂ ತಿಳಿಯುವುದಿಲ್ಲ. ಯಾವ ಪ್ರಭೇದ, ಯಾವ ಋತುವಿನಲ್ಲಿ, ಎಷ್ಟು ಎಂಬುದು ಇರಬೇಕು. ಕಾಮಗಾರಿಯ ಮೊದಲೂ ನಂತರವೂ ಇರಬೇಕು. ಹಾಗೆ ಹೆಸರು ಹಿಡಿದು ಹೇಳಬಲ್ಲವರನ್ನು ತಯಾರು ಮಾಡಲು ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜಿದೆ, ಕಾರವಾರದಲ್ಲಿ ಕಡಲ ಜೀವವಿಜ್ಞಾನದ ಸ್ನಾತಕೋತ್ತರ ವಿಭಾಗವಿದೆ. ಸ್ಮಿತ್ಸೋನಿಯನ್ ಸಂಸ್ಥೆಯ ಹುಳುತಜ್ಞರಾಗಿದ್ದ ಕ್ರಿಸ್ಟಿಯನ್ ಫಾಕಲ್ಡ್ ಅವರ ಹುಟ್ಟುಹಬ್ಬವಾದ ಜುಲೈ 1ನ್ನು 2015ರಿಂದ ಅಂತರರಾಷ್ಟ್ರೀಯ ಪಾಲಿಕೀಟ್ ದಿನವೆಂದು ಆಚರಿಸುತ್ತಾರೆ. ಮಳೆಗಾಲದ ಆ ಹೊತ್ತಿಗೆ ನಮ್ಮ ಅಳಿವೆಗಳು ಕೆಂಪು ನೀರು ತುಂಬಿ ಹರಿಯುತ್ತಿರುತ್ತವೆ. ಮಳೆ ನಿಂತು ತಳ ತಿಳಿಯಾದ ಮೇಲಾದರೂ ಕರಾವಳಿಯ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳು ವಿದ್ಯಾರ್ಥಿಗಳ ಕೈಗೆ ಜಾಲರಿ ಕೊಟ್ಟು ಕೆಸರಿಗಿಳಿಸಲಿ. ಪ್ರತಿ ವರ್ಷ ಅದೇ ಜಾಗ, ಅದೇ ತಿಂಗಳು, ಅದೇ ಅಳತೆ. ಹತ್ತು ವರ್ಷದ ಅಂಥ ದಾಖಲೆ ಕೈಯಲ್ಲಿದ್ದರೆ ಅಳಿವೆಗೆ ಏನಾಗುತ್ತಿದೆ ಎಂದು ವಾದ ಮಾಡುವ ಅಗತ್ಯ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.